ಸೋತ ಕೈಗೆ ಕೆಲಸವೇ ಮದ್ದು

ಎಲೆಕ್ಟ್ರಾನಿಕ್ ಸಿಟಿ ಬೆರಳುಗಳನ್ನು ನಂಬಿ ಬದುಕುವ ಊರು. 1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಈ ಕೈಗಾರಿಕಾ ನಗರಕ್ಕೆ ಬುನಾದಿ ಹಾಕಿತು. ಅಂದಿನಿಂದ ಇಂದಿನವರೆಗೂ ಇಲ್ಲಿ ಸಂಬಳ ಎಣಿಸಿರುವುದು ಬೆರಳುಗಳ ಚುರುಕಿಗೆ. ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುವ ಬೆರಳು, ಕಂಪ್ಯೂಟರಿನ ಕೀಲಿಮಣೆಯ ಮೇಲೆ ಓಡುವ ಬೆರಳು, ಪಕ್ಕದ ಬೊಮ್ಮಸಂದ್ರ, ಜಿಗಣಿಗಳ ಕಾರ್ಖಾನೆಗಳಲ್ಲಿ ಯಂತ್ರದ ಗುಂಡಿ ಒತ್ತುವ ಬೆರಳು, ಇವರೆಲ್ಲರಿಗೂ ಮಧ್ಯಾಹ್ನದ ಊಟ ಅಣಿ ಮಾಡಲು ಬೆಳಗಿನಿಂದ ಈರುಳ್ಳಿ ಹೆಚ್ಚುವ ಬೆರಳು.

ಆ ಬೆರಳು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮಾತು ಕೇಳದೆ ಹೋದರೆ? ಹಲ್ಲುಜ್ಜಲು ಹೋದವರ ಕೈಯಿಂದ ಬ್ರಷ್ ಜಾರಿ ಬೀಳುತ್ತದೆ. ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ಮಾತು ತೊದಲುತ್ತದೆ. ಹಳ್ಳಿಯವರು ‘ಲಕ್ವ ಹೊಡೆಯಿತು’ ಎನ್ನುತ್ತಾರೆ, ವೈದ್ಯರು ಪಾರ್ಶ್ವವಾಯು ಅಥವಾ ಸ್ಟ್ರೋಕ್ ಎನ್ನುತ್ತಾರೆ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರೆ ಜೀವ ಉಳಿಯುತ್ತದೆ. ಆದರೆ ಜೀವ ಉಳಿದವರು ಮನೆಗೆ ಮರಳಿದ ದಿನ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಅಂಗಿಯ ಗುಂಡಿ ಹಾಕುವುದು ಹೇಗೆ? ಅನ್ನ ಕಲಸುವುದು ಹೇಗೆ? ನಾಳೆ ಕೆಲಸಕ್ಕೆ ಹೋಗುವುದು ಹೇಗೆ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ವೈದ್ಯಕೀಯ ಶಾಖೆಯೊಂದಿದೆ. ಅದರ ಹೆಸರು ಆಕ್ಯುಪೇಷನಲ್ ಥೆರಪಿ. ಕನ್ನಡದಲ್ಲಿ ಔದ್ಯೋಗಿಕ ಚಿಕಿತ್ಸೆ ಎನ್ನುವುದುಂಟು. ಹೆಸರು ಕೇಳಿದವರು ಇದು ಉದ್ಯೋಗ ಕೊಡಿಸುವ ಇಲಾಖೆಯೇನೋ ಎಂದು ತಿಳಿಯುವುದೂ ಉಂಟು! ಇಲ್ಲಿ ಉದ್ಯೋಗ ಎಂದರೆ ನೌಕರಿಯಷ್ಟೇ ಅಲ್ಲ. ಎದ್ದಾಗಿನಿಂದ ಮಲಗುವವರೆಗೆ ಮನುಷ್ಯ ಮಾಡುವ ಪ್ರತಿಯೊಂದು ಕೆಲಸವೂ ಉದ್ಯೋಗವೇ. ಆ ಕೆಲಸಗಳನ್ನೇ ಮದ್ದಾಗಿ ಬಳಸಿ ಸೋತ ಅಂಗಕ್ಕೆ ಮತ್ತೆ ಪಾಠ ಹೇಳುವುದು ಈ ಚಿಕಿತ್ಸೆಯ ಗುಟ್ಟು. ಅದನ್ನು ನಾಲ್ಕಾರು ಜನ ಒಟ್ಟಿಗೆ ಕುಳಿತು ಮಾಡಿದಾಗ ಮದ್ದಿಗೆ ಇನ್ನಷ್ಟು ಬಲ ಬರುತ್ತದೆ.

ಮೆದುಳಿನಲ್ಲಿ ನಡೆಯುವುದೇನು?

ಮೆದುಳಿಗೆ ರಕ್ತ ಒಯ್ಯುವ ನಾಳ ಮುಚ್ಚಿಹೋದರೆ ಅಥವಾ ಒಡೆದರೆ ಅಲ್ಲಿನ ಜೀವಕೋಶಗಳು ಆಮ್ಲಜನಕವಿಲ್ಲದೆ ಸಾಯತೊಡಗುತ್ತವೆ. ಹೆಚ್ಚಿನ ಪ್ರಕರಣಗಳಲ್ಲಿ ಆಗುವುದು ನಾಳ ಮುಚ್ಚಿಹೋಗುವ ತೊಂದರೆಯೇ. ಇಂಥವರಲ್ಲಿ ಅರ್ಹರಾದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕಾಗಿಯೇ ಮುಖ ಸೊಟ್ಟಗಾದರೆ, ಕೈ ಮೇಲೆತ್ತಲಾಗದಿದ್ದರೆ, ಮಾತು ತೊದಲಿದರೆ ಒಂದು ಕ್ಷಣವೂ ತಡಮಾಡಬಾರದು. ಪಾರಿವಾಳದ ರಕ್ತ ಸವರಿಸಲು, ನಾಟಿ ಎಣ್ಣೆ ಹಚ್ಚಿಸಲು ಊರೂರು ಅಲೆಯುವುದರಲ್ಲಿ ಕಳೆದುಹೋಗುವುದು ಈ ಅಮೂಲ್ಯ ಗಂಟೆಗಳೇ.

ಮೆದುಳಿನ ಎಡಭಾಗ ದೇಹದ ಬಲಭಾಗವನ್ನು ಆಳುತ್ತದೆ, ಬಲಭಾಗ ಎಡಭಾಗವನ್ನು. ಬಹುತೇಕರಲ್ಲಿ ಮಾತಿನ ಕೇಂದ್ರವೂ ಎಡಭಾಗದಲ್ಲೇ ಇರುವುದರಿಂದ ಬಲಗೈ ಸೋತವರಲ್ಲಿ ಅನೇಕರಿಗೆ ಮಾತೂ ಕೈಕೊಡುತ್ತದೆ. ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಕೆಲವರಿಗೆ ಇನ್ನೊಂದು ವಿಚಿತ್ರ ತೊಂದರೆ. ಕಣ್ಣು ಚೆನ್ನಾಗಿದ್ದರೂ ಎಡಗಡೆಯ ಜಗತ್ತು ಅವರ ಗಮನಕ್ಕೇ ಬರುವುದಿಲ್ಲ. ಬಾಳೆಲೆಯ ಮುಂದೆ ಕೂರಿಸಿದರೆ ಬಲಗಡೆಯದನ್ನೆಲ್ಲ ಉಂಡು, ಎಡತುದಿಯ ಉಪ್ಪು, ಕೋಸಂಬರಿಯನ್ನು ಹಾಗೆಯೇ ಬಿಟ್ಟು ಏಳುತ್ತಾರೆ. ಮನೆಯವರು ಇದನ್ನು ಹಟವೆಂದು ತಿಳಿಯುತ್ತಾರೆ. ಅದು ಹಟವಲ್ಲ, ಕಾಯಿಲೆಯ ಒಂದು ಮುಖ.

ಲಕ್ವ ಮುದುಕರ ರೋಗವೆಂಬ ನಂಬಿಕೆಯೂ ಸರಿಯಲ್ಲ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಇದು ಚಿಕ್ಕ ವಯಸ್ಸಿನಲ್ಲೇ ಎರಗುತ್ತದೆ. ಪ್ರಪಂಚದಲ್ಲಿ 25 ವರ್ಷ ದಾಟಿದ ಪ್ರತಿ ನಾಲ್ವರಲ್ಲಿ ಒಬ್ಬರಿಗೆ ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಪಾರ್ಶ್ವವಾಯು ಬರುವ ಸಂಭವವಿದೆ ಎಂಬುದು 2018ರಲ್ಲಿ ಪ್ರಕಟವಾದ ಜಾಗತಿಕ ಅಂದಾಜು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು ಇದರ ಮುಖ್ಯ ಕಾರಣಗಳು. ದುಡಿಯುವ ವಯಸ್ಸಿನವರೇ ತುಂಬಿರುವ ಬಡಾವಣೆಗಳಲ್ಲಿ ಇದು ಇಡೀ ಸಂಸಾರದ ಅನ್ನದ ಪ್ರಶ್ನೆಯಾಗುತ್ತದೆ.

ಉದ್ಯೋಗವೇ ಚಿಕಿತ್ಸೆಯಾದ ಕಥೆ

ಕೆಲಸ ಮಾಡುತ್ತ ಗುಣವಾಗುವುದು ಹೊಸ ವಿಚಾರವೇನಲ್ಲ. ಅದಕ್ಕೊಂದು ಶಾಸ್ತ್ರದ ರೂಪ ಬಂದದ್ದು ಅಮೆರಿಕದಲ್ಲಿ. ಜಾರ್ಜ್ ಬಾರ್ಟನ್ ಎಂಬ ವಾಸ್ತುಶಿಲ್ಪಿ ಕ್ಷಯದಿಂದ ನರಳಿದವರು. ಕಾಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ಎಡಭಾಗದ ಸ್ವಾಧೀನ ತಪ್ಪಿತು. ಅವರದು ಇಂದಿನ ಅರ್ಥದ ಸ್ಟ್ರೋಕ್ ಆಗಿರಲಿಲ್ಲ. ಆದರೆ ಕೈಕಾಲು ಮಾತು ಕೇಳದ ಸಂಕಟ ಅದೇ. ಬಾರ್ಟನ್ ಮರಗೆಲಸ, ತೋಟದ ಕೆಲಸ ಮಾಡುತ್ತ ಮಾಡುತ್ತ ಚೇತರಿಸಿಕೊಂಡರು. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನ ತಮ್ಮ ಮನೆಗೆ ಸಮಾನ ಮನಸ್ಕರನ್ನು ಕರೆದು ಈ ಚಿಕಿತ್ಸೆಯ ಮೊದಲ ಸಂಘ ಕಟ್ಟಿದರು.

ಭಾರತಕ್ಕೆ ಇದನ್ನು ತಂದವರು ಕಮಲಾ ನಿಂಬ್ಕರ್. ಹುಟ್ಟಿದ್ದು ಅಮೆರಿಕದಲ್ಲಿ, ಮದುವೆಯಾಗಿ ಸೇರಿದ್ದು ಭಾರತದ ಮನೆ. ತಮ್ಮ ತಾಯ್ನಾಡಿಗೆ ಮರಳಿ ತರಬೇತಿ ಪಡೆದು ಬಂದ ಅವರು 1950ರಲ್ಲಿ ಬೊಂಬಾಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. 1952ರಲ್ಲಿ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಸ್ಥಾಪಕ ದೇಶಗಳ ಸಾಲಿನಲ್ಲಿ ಭಾರತವೂ ಇತ್ತು.

ಎಲೆಕ್ಟ್ರಾನಿಕ್ ಸಿಟಿಯವರು ಇದರ ಬೇರು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ತಾವು ದಿನವೂ ಓಡಾಡುವ ಹೊಸೂರು ರಸ್ತೆಯಲ್ಲೇ ನಗರದ ಕಡೆಗೆ ಸಾಗಿದರೆ ನಿಮ್ಹಾನ್ಸ್ ಸಿಗುತ್ತದೆ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ 1974ರಲ್ಲಿ ಆದ ಸಂಸ್ಥೆ ಇದು. ಮಾನಸಿಕ ರೋಗದಿಂದ ಚೇತರಿಸಿಕೊಳ್ಳುವವರು ಒಟ್ಟಿಗೆ ಬ್ರೆಡ್ಡು, ಬಿಸ್ಕತ್ತು ಬೇಯಿಸುವ, ಹೊಲಿಗೆ, ಮರಗೆಲಸ ಮಾಡುವ ಇಲ್ಲಿನ ಪುನರ್ವಸತಿ ವಿಭಾಗ ಬೆಂಗಳೂರಿಗರಿಗೆ ಪರಿಚಿತ. ಅಲ್ಲಿನ ಬೇಕರಿಯ ತಿನಿಸನ್ನು ತಿಂದವರು ಆ ಚಿಕಿತ್ಸೆಯ ಫಲವನ್ನೇ ತಿಂದಿದ್ದಾರೆ ಎನ್ನಬೇಕು! ಪಾರ್ಶ್ವವಾಯು, ಬೆನ್ನುಹುರಿಯ ಪೆಟ್ಟು ಮೊದಲಾದ ನರರೋಗಗಳಿಂದ ಚೇತರಿಸಿಕೊಳ್ಳುವವರಿಗೆ ಅದೇ ಸಂಸ್ಥೆಯಲ್ಲಿ ನರರೋಗ ಪುನರ್ವಸತಿಯ ಪ್ರತ್ಯೇಕ ವಿಭಾಗವಿದೆ.

ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ? ಸ್ಥೂಲವಾಗಿ ಹೇಳುವುದಾದರೆ ಫಿಸಿಯೋಥೆರಪಿ ತಜ್ಞರ ಗಮನ ಸ್ನಾಯುವಿನ ಬಲ, ಕೀಲಿನ ಚಲನೆ, ನಿಲ್ಲುವ ಮತ್ತು ನಡೆಯುವ ಶಕ್ತಿಯ ಮೇಲೆ. ಆಕ್ಯುಪೇಷನಲ್ ಥೆರಪಿ ತಜ್ಞರ ಗಮನ ಆ ಬಲದಿಂದ ಲೋಟ ಎತ್ತಿ ಕಾಫಿ ಕುಡಿಯಲು ಸಾಧ್ಯವಾಯಿತೇ ಎಂಬುದರ ಮೇಲೆ. ರೋಗಿಗೆ ಇಬ್ಬರೂ ಬೇಕು.

ಬಳಸದ ಕೈ ಮರೆಯುತ್ತದೆ

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲವೆಂದರೆ ಕೈ ಮರಳಿ ಬರುವುದಾದರೂ ಹೇಗೆ? ಉತ್ತರವಿರುವುದು ಮೆದುಳಿನ ಹೊಂದಿಕೊಳ್ಳುವ ಗುಣದಲ್ಲಿ. ಸತ್ತ ಭಾಗದ ಸುತ್ತಮುತ್ತಲಿನ ಮತ್ತು ದೂರದ ಕೋಶಗಳು ಹೊಸ ಸಂಪರ್ಕ ಬೆಳೆಸಿ ಹಳೆಯ ಕೆಲಸದ ಒಂದಷ್ಟು ಭಾಗವನ್ನು ವಹಿಸಿಕೊಳ್ಳಬಲ್ಲವು. ಆದರೆ ಇದು ತಾನಾಗಿ ಆಗುವುದಿಲ್ಲ. ಮಗ್ಗಿ ಕಲಿಯುವ ಹುಡುಗನ ಹಾಗೆ ಮತ್ತೆ ಮತ್ತೆ ಅಭ್ಯಾಸ ಮಾಡಬೇಕು.

ಅಭ್ಯಾಸ ತಪ್ಪಿದರೆ ಆಗುವ ಹಾನಿಯನ್ನು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟಾಬ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಗುರುತಿಸಿದರು. ಒಂದು ಕೈಯ ಸ್ಪರ್ಶ ಹೋದ ಕೋತಿ ಆ ಕೈಯನ್ನು ಬಳಸಲು ಆರಂಭದಲ್ಲಿ ಯತ್ನಿಸಿ ಸೋಲುತ್ತದೆ. ಆಮೇಲೆ ಬಳಸುವುದನ್ನೇ ಬಿಡುತ್ತದೆ. ಮುಂದೆ ಶಕ್ತಿ ಮರಳಿದರೂ ಬಿಟ್ಟ ಅಭ್ಯಾಸ ಬಿಟ್ಟಂತೆಯೇ ಉಳಿಯುತ್ತದೆ. ಆದರೆ ಸರಿಯಿರುವ ಕೈಯನ್ನು ಕಟ್ಟಿಹಾಕಿದಾಗ ಅದೇ ಕೋತಿ ಸೋತ ಕೈಯಿಂದ ಆಹಾರ ಎತ್ತಿಕೊಂಡಿತು! ಆ ಪ್ರಯೋಗಗಳಲ್ಲಿ ಪ್ರಾಣಿಗಳನ್ನು ನಡೆಸಿಕೊಂಡ ರೀತಿಯ ಬಗ್ಗೆ 1981ರಲ್ಲಿ ದೊಡ್ಡ ವಿವಾದವೇ ಎದ್ದಿತು. ಆದರೂ ಅದರಿಂದ ದೊರೆತ ತಿಳಿವಳಿಕೆ ಮನುಷ್ಯರ ಚಿಕಿತ್ಸೆಗೆ ದಾರಿಯಾಯಿತು.

ಪಾರ್ಶ್ವವಾಯು ಬಂದು ಮೂರರಿಂದ ಒಂಬತ್ತು ತಿಂಗಳು ಕಳೆದ 222 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲ 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರ ಸರಿಯಿರುವ ಕೈಗೆ ಎಚ್ಚರವಿದ್ದ ಹೊತ್ತಿನ ಬಹುಪಾಲು ಕೈಚೀಲ ತೊಡಿಸಿ, ಎರಡು ವಾರ ಸೋತ ಕೈಯಿಂದಲೇ ಕೆಲಸ ಮಾಡಿಸಲಾಯಿತು. ಒಂದು ವರ್ಷದ ನಂತರವೂ ಅವರ ಕೈಯ ಬಳಕೆ ಉಳಿದವರಿಗಿಂತ ಉತ್ತಮವಾಗಿತ್ತು. ಮಣಿಕಟ್ಟು, ಬೆರಳುಗಳಲ್ಲಿ ಸ್ವಲ್ಪವಾದರೂ ಚಲನೆ ಉಳಿದವರಿಗೆ ಮಾತ್ರ ಇದು ಹೊಂದುತ್ತದೆ. ತಜ್ಞರ ಸಲಹೆಯಿಲ್ಲದೆ ಮನೆಯಲ್ಲಿ ಕೈ ಕಟ್ಟಿಹಾಕುವ ಸಾಹಸ ಸಲ್ಲದು. ಆದರೆ ಎಲ್ಲರಿಗೂ ಹೊಂದುವ ಪಾಠವೊಂದು ಇದರಲ್ಲಿದೆ. ಸೋತ ಕೈಗೆ ವಿಶ್ರಾಂತಿಗಿಂತ ಕೆಲಸ ಬೇಕು.

ಒಂದು ಮೇಜು, ಐದಾರು ಜನ

ಗುಂಪು ಚಿಕಿತ್ಸೆಯ ಕೋಣೆ ಆಸ್ಪತ್ರೆಗಿಂತ ಅಡುಗೆಮನೆಯನ್ನೋ ಒಂದನೇ ತರಗತಿಯನ್ನೋ ನೆನಪಿಸುತ್ತದೆ. ಮೊದಲು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ ಯಾರಿಗೆ ಎಷ್ಟು ಸಾಧ್ಯವೆಂದು ತಜ್ಞರು ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ಹೆಚ್ಚು ಕಡಿಮೆ ಒಂದೇ ಮಟ್ಟದವರನ್ನು ಒಂದು ಮೇಜಿನ ಸುತ್ತ ಕೂರಿಸುತ್ತಾರೆ.

ಆರಂಭ ಸುಲಭದ್ದು. ಎರಡೂ ಕೈ ಹೆಣೆದು ಮೇಜಿನ ಮೇಲೆ ಮುಂದಕ್ಕೆ ಚಾಚುವುದು, ಸೋತ ಕೈಯ ಕೆಳಗೆ ಬಟ್ಟೆಯಿಟ್ಟು ಮೇಜು ಒರೆಸಿದಂತೆ ಜಾರಿಸುವುದು. ನಂತರ ನಿಜವಾದ ಕೆಲಸ. ಒಗೆದ ಟವೆಲು ಮಡಚುವುದು, ನಾಣ್ಯ ಬೇರ್ಪಡಿಸುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಗುಂಡಿ ಹಾಕುವುದು. ಕೆಲಸ ಅವರ ಬದುಕಿನದೇ ಆಗಿದ್ದಷ್ಟೂ ಉತ್ಸಾಹ ಹೆಚ್ಚು. ಆನೇಕಲ್ ಸೀಮೆಯ ಅಜ್ಜಿಗೆ ರಬ್ಬರ್ ಚೆಂಡು ಹಿಸುಕಲು ಹೇಳಿದರೆ ನಾಲ್ಕು ಸಲ ಹಿಸುಕಿ ಬೇಸರಪಡಬಹುದು. ಅದೇ ಅಜ್ಜಿಯ ಮುಂದೆ ಮಾರ್ಗಶಿರ ಮಾಸದಲ್ಲಿ ನೆನೆಸಿದ ಅವರೆಕಾಳಿನ ಬೋಗುಣಿ ಇಟ್ಟು ನೋಡಿ! ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಸಿಪ್ಪೆಯಿಂದ ಬೇಳೆ ಹಿತಕುವುದು ಬೆರಳಿಗೆ ಇರುವ ಅತ್ಯುತ್ತಮ ವ್ಯಾಯಾಮಗಳಲ್ಲಿ ಒಂದು. ಹೂ ಕಟ್ಟುವುದು, ರಂಗೋಲಿ ಎಳೆ ಬಿಡುವುದು, ವೀಳ್ಯದೆಲೆಗೆ ಸುಣ್ಣ ಸವರಿ ಮಡಚುವುದು, ಚಪಾತಿ ಹಿಟ್ಟು ನಾದುವುದು, ಇವೆಲ್ಲವೂ ತಜ್ಞರ ಕೈಯಲ್ಲಿ ಔಷಧಿಗಳೇ. ತೀರಾ ಸೋತ ಕೈಗೂ ಪಾತ್ರವಿದೆ. ಬಲಗೈ ಕಲೆಸುವಾಗ ಎಡಗೈ ಪಾತ್ರೆ ಅಲುಗದಂತೆ ಒತ್ತಿ ಹಿಡಿದರೆ ಅದೂ ಕೆಲಸವೇ.

ಗುಂಪಿನ ನಿಜವಾದ ಲಾಭ ಕಾಣುವುದು ಇಲ್ಲಿ. ಮನೆಯಲ್ಲಿ ಲಕ್ವ ಹೊಡೆದವರು ಒಬ್ಬರೇ. ಎಲ್ಲರ ಕೈ ಸರಿಯಾಗಿರುವಲ್ಲಿ ಅನ್ನದ ಅಗುಳು ಚೆಲ್ಲಿದರೆ ನಾಚಿಕೆ. ಬಲಗೈ ಬಾರದೆ ಎಡಗೈಯಲ್ಲಿ ಉಣ್ಣಬೇಕಾಗಿ ಬಂದವರು ನೆಂಟರ ಮನೆಯ ಪಂಕ್ತಿಗೆ ಹೋಗುವುದನ್ನೇ ಬಿಡುತ್ತಾರೆ. ಈ ಮೇಜಿನ ಸುತ್ತ ಚೆಲ್ಲದವರೇ ಇಲ್ಲ. ಎದುರಿಗಿರುವವರು ಕಳೆದ ತಿಂಗಳು ಎತ್ತಲಾಗದ ಲೋಟವನ್ನು ಇಂದು ಎತ್ತಿದ್ದನ್ನು ಕಂಡಾಗ ಹುಟ್ಟುವ ಆಸೆಯನ್ನು ಯಾವ ವೈದ್ಯರ ಮಾತೂ ಹುಟ್ಟಿಸಲಾರದು. ಪಾರ್ಶ್ವವಾಯುವಿನ ನಂತರ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅದು ಗಟ್ಟಿಯಾದರೆ ವ್ಯಾಯಾಮವೂ ನಿಲ್ಲುತ್ತದೆ. ಅಗತ್ಯವಿದ್ದವರಿಗೆ ಔಷಧಿಯ ಜೊತೆಗೆ ಇಂಥ ಸಂಗಾತವೂ ಆಸರೆಯಾಗುತ್ತದೆ.

ಮಾತು ಹೋದವರಿಗೂ ಗುಂಪಿನಲ್ಲಿ ಜಾಗವಿದೆ. ಸ್ವಂತ ವಾಕ್ಯ ಕಟ್ಟಲಾಗದ ಕೆಲವರು ಎಲ್ಲರ ಜೊತೆ ಒಂದು, ಎರಡು, ಮೂರು ಎಂದು ಎಣಿಸಬಲ್ಲರು, ವಾರಗಳ ಹೆಸರು ಹೇಳಬಲ್ಲರು, ಚಿಕ್ಕಂದಿನಿಂದ ಬಾಯಿಗೆ ಬಂದ ಹಾಡಿಗೆ ದನಿಗೂಡಿಸಬಲ್ಲರು. ಎಣಿಕೆಗೆ ತಕ್ಕಂತೆ ಕೈಯೂ ಆಡುತ್ತದೆ.

ಗುಂಪಿನಿಂದ ಹಣಕ್ಕೂ ಉಳಿತಾಯ. ಒಬ್ಬ ತಜ್ಞರ ಒಂದು ಗಂಟೆ ಐದಾರು ಜನಕ್ಕೆ ಒದಗುತ್ತದೆ. ತಜ್ಞರ ಕೊರತೆಯಿರುವ ನಮ್ಮ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ನಡಿಗೆಯ ವಿಷಯದಲ್ಲಿ ಇದಕ್ಕೆ ಆಧಾರವೂ ಇದೆ. ಗುಂಪಾಗಿ ಒಂದರ ನಂತರ ಒಂದು ವ್ಯಾಯಾಮ ಮಾಡುವ ತರಗತಿಗಳನ್ನು ಕುರಿತ 17 ಅಧ್ಯಯನಗಳನ್ನು 2017ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಭಾಗವಹಿಸಿದವರ ನಡಿಗೆಯ ವೇಗ ಮತ್ತು ದೂರ ಹೆಚ್ಚಿದ್ದು ಕಂಡುಬಂತು. ಹಾಗೆಂದು ಗುಂಪು ಎಲ್ಲದಕ್ಕೂ ಪರಿಹಾರವಲ್ಲ. ಸ್ನಾನ, ಶೌಚ, ಬಟ್ಟೆ ತೊಡುವುದರಂಥ ಖಾಸಗಿ ಕೆಲಸಗಳ ಪಾಠ ಒಬ್ಬೊಬ್ಬರಿಗೇ ಆಗಬೇಕು.

ಪ್ರೀತಿ ಅತಿಯಾದಾಗ

ನಮ್ಮ ಮನೆಗಳಲ್ಲಿ ಕಾಯಿಲೆಯವರ ಆರೈಕೆ ಎಂದರೆ ಅವರ ಕೈಯಿಂದ ಕೆಲಸ ಕಿತ್ತುಕೊಳ್ಳುವುದು. ‘ನೀವು ಸುಮ್ಮನೆ ಕೂತಿರಿ ಮಾವ, ನಾನು ತಿನ್ನಿಸ್ತೀನಿ’ ಎನ್ನುವ ಸೊಸೆಯ ಪ್ರೀತಿಯಲ್ಲಿ ಅನುಮಾನವಿಲ್ಲ. ಆದರೆ ತಿಂಗಳುಗಟ್ಟಲೆ ಹೀಗೆ ತಿನ್ನಿಸಿಕೊಂಡ ಮಾವನವರ ಕೈ ತುತ್ತು ಎತ್ತುವುದನ್ನೇ ಮರೆಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯಂಥ ಕಡೆ ಸಮಸ್ಯೆಗೆ ಇನ್ನೊಂದು ಮುಖವಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೊರಡುವ ಆತುರ. ಅಜ್ಜ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿಯುತ್ತದೆ, ಕಂಪೆನಿಯ ಬಸ್ಸು ಐದು ನಿಮಿಷದಲ್ಲಿ ಬರುತ್ತದೆ. ಗುಂಡಿ ಹಾಕಿಬಿಡುವುದೇ ಸುಲಭ.

ಹಾಗಾದರೆ ಎಲ್ಲ ಹೊಣೆಯನ್ನೂ ಮನೆಯವರ ಮೇಲೆ ಹೊರಿಸಬಹುದೇ? ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಒಂದು ಗುಂಪಿನ ರೋಗಿಗಳ ಮನೆಯವರಿಗೆ ಆರೈಕೆ ಹಾಗೂ ವ್ಯಾಯಾಮದ ತರಬೇತಿ ಕೊಟ್ಟು ಪುನರ್ವಸತಿಯನ್ನು ಅವರಿಗೇ ಒಪ್ಪಿಸಲಾಯಿತು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 2017ರಲ್ಲಿ ಪ್ರಕಟವಾದ ಫಲಿತಾಂಶ ನಿರಾಸೆಯದು. ಆರು ತಿಂಗಳ ನಂತರ ಎರಡೂ ಗುಂಪುಗಳಲ್ಲಿ ನೂರಕ್ಕೆ 47 ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿಯೇ ಉಳಿದಿದ್ದರು. ಮನೆಯವರ ಶ್ರಮ ವ್ಯರ್ಥವೆಂದು ಇದರ ಅರ್ಥವಲ್ಲ. ತಜ್ಞರ ಜಾಗವನ್ನು ಮನೆಯವರ ಪ್ರೀತಿಯೊಂದೇ ತುಂಬಲಾರದು ಎಂದಷ್ಟೇ. ತಜ್ಞರ ನಿಗಾ, ಜೊತೆಗಾರರ ಸಂಗ, ಮನೆಯವರ ತಾಳ್ಮೆ ಮೂರೂ ಕೂಡಬೇಕು.

ಮನೆಯಲ್ಲಿ ಮಾಡಬಹುದಾದ ಸಣ್ಣ ವಿಷಯಗಳೂ ಇವೆ. ಅಂಗಿ ಹಾಕುವಾಗ ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ತೆಗೆಯುವಾಗ ಸರಿಯಿರುವ ಕೈ ಮೊದಲು. ಎಬ್ಬಿಸಲು ಹೋಗಿ ಸೋತ ಕೈ ಹಿಡಿದು ಎಳೆದರೆ ಸಡಿಲವಾದ ಭುಜದ ಕೀಲಿಗೆ ಪೆಟ್ಟಾಗುತ್ತದೆ. ತಟ್ಟೆ ಜಾರದಂತೆ ಅಡಿಯಲ್ಲಿ ಒದ್ದೆ ಬಟ್ಟೆ ಹಾಸಬಹುದು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಸಿಗುತ್ತದೆ. ಸ್ನಾನದ ಮನೆಯ ಗೋಡೆಗೆ ಹಿಡಿಕೆ, ಶೌಚಕ್ಕೆ ಎತ್ತರದ ಆಸನ ಬೇಕಾಗುತ್ತದೆ. ಎಡಭಾಗ ಗಮನಕ್ಕೆ ಬಾರದವರನ್ನು ಆ ಕಡೆಯಿಂದಲೇ ಮಾತನಾಡಿಸಿ ನಿಧಾನವಾಗಿ ಕಣ್ಣು ತಿರುಗಿಸಲು ಕಲಿಸಬೇಕು. ಆದರೆ ಯಾರಿಗೆ ಯಾವ ವ್ಯಾಯಾಮ ಎಂಬುದನ್ನು ತಜ್ಞರೇ ಹೇಳಬೇಕು.

ಮತ್ತೆ ಕೆಲಸದ ಕಡೆಗೆ

ಚೇತರಿಕೆಯ ಓಟ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಆಮೇಲೆ ನಿಧಾನವಾದರೂ ಬಾಗಿಲು ಮುಚ್ಚುವುದಿಲ್ಲ. ಆದರೆ ಬಡ ಕಾರ್ಮಿಕನಿಗೆ ಅಷ್ಟು ಕಾಲ ಕಾಯುವ ಶಕ್ತಿ ಎಲ್ಲಿಂದ ಬರಬೇಕು? ಇ.ಎಸ್.ಐ. ಯೋಜನೆಯಲ್ಲಿ ವಿಸ್ತೃತ ಕಾಯಿಲೆ ಭತ್ಯೆಗೆ ಅರ್ಹವಾದ ದೀರ್ಘಕಾಲದ ರೋಗಗಳ ಪಟ್ಟಿಯಲ್ಲಿ ದೇಹದ ಒಂದು ಪಾರ್ಶ್ವ ಸೋಲುವ ಕಾಯಿಲೆಯೂ ಸೇರಿದೆ. ಷರತ್ತು ಪೂರೈಸಿದವರಿಗೆ ಕೂಲಿಯ ನೂರಕ್ಕೆ 80ರಷ್ಟು ಭತ್ಯೆ ಎರಡು ವರ್ಷದವರೆಗೂ ದೊರೆಯಬಹುದು. ಸರ್ಕಾರಿ ನೌಕರಿಯಲ್ಲಿದ್ದಾಗ ಅಂಗವಿಕಲರಾದವರನ್ನು ಆ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಖಾಸಗಿಯವರು ಸ್ವಲ್ಪ ಮನಸ್ಸು ಮಾಡಿದರೆ ಮೇಜಿನ ಎತ್ತರ, ಕೆಲಸದ ಹೊತ್ತು, ಯಂತ್ರದ ಗುಂಡಿಯ ಜಾಗ ಬದಲಿಸಿ ಅನುಭವಿ ನೌಕರನನ್ನು ಉಳಿಸಿಕೊಳ್ಳಬಹುದು. ಆ ಬದಲಾವಣೆ ಏನಿರಬೇಕೆಂದು ಹೇಳಬಲ್ಲವರೂ ಆಕ್ಯುಪೇಷನಲ್ ಥೆರಪಿ ತಜ್ಞರೇ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳೂ ಅವರ ತಂದೆ ತಾಯಿಯರೂ ವೈದ್ಯಕೀಯ ಸೀಟಿನಾಚೆ ನೋಡಿದರೆ ಈ ವಿದ್ಯೆ ಕಣ್ಣಿಗೆ ಬೀಳುತ್ತದೆ. ಕರ್ನಾಟಕದಲ್ಲಿ ಮಣಿಪಾಲದಂಥ ಕಡೆ ಇದರ ಪದವಿ ಶಿಕ್ಷಣವಿದೆ. ಶರೀರಶಾಸ್ತ್ರದ ಜೊತೆಗೆ ಮನಶ್ಶಾಸ್ತ್ರವನ್ನೂ ಓದಬೇಕು, ಆಸ್ಪತ್ರೆಯಲ್ಲಿ ತರಬೇತಿ ಪಡೆಯಬೇಕು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಈ ವೃತ್ತಿಗೆ ಕಾನೂನಿನ ಮನ್ನಣೆ ಕೊಟ್ಟಿದೆ. ಪುಸ್ತಕದ ಜಾಣತನಕ್ಕಿಂತ ಇಲ್ಲಿ ಹೆಚ್ಚು ಬೇಕಾದದ್ದು ಕಾಯುವ ಗುಣ.

ಆ ಗುಣವನ್ನು ಕಲಿಯಲು ಕಾಲೇಜಿಗೇ ಹೋಗಬೇಕೆಂದಿಲ್ಲ. 2025ರ ಆಗಸ್ಟ್ 10ರಂದು ಆರಂಭವಾದ ಹಳದಿ ಮಾರ್ಗದ ಮೆಟ್ರೋ ಈಗ ಬೊಮ್ಮಸಂದ್ರದಿಂದ ಎಲೆಕ್ಟ್ರಾನಿಕ್ ಸಿಟಿಯ ಮೇಲೆ ಹಾದು ಆರ್.ವಿ. ರಸ್ತೆಗೆ ಹೋಗುತ್ತದೆ. ಲಕ್ವದಿಂದ ಎದ್ದವರಿಗೆ ಅದರ ನಿಲ್ದಾಣವೂ ಒಂದು ಪಾಠಶಾಲೆಯಾಗಬಹುದು. ಜೇಬಿನಿಂದ ಕಾರ್ಡು ತೆಗೆಯಬೇಕು, ಯಂತ್ರಕ್ಕೆ ತೋರಿಸಬೇಕು, ಮತ್ತೆ ಜೇಬಿಗೆ ಹಾಕಿ ಕಂಬಿ ಹಿಡಿಯಬೇಕು. ಹಿಂದೆ ಸಾಲು ಬೆಳೆಯುತ್ತದೆ. ಅಜ್ಜನ ಪಕ್ಕದಲ್ಲಿ ನಿಂತ ಮೊಮ್ಮಗಳಿಗೆ ಕಾರ್ಡನ್ನು ತಾನೇ ಕಸಿದು ತೋರಿಸಿಬಿಡುವ ಆಸೆಯಾಗುತ್ತದೆ.

ತೋರಿಸಬಾರದು. ನಿಧಾನವಾಗಿ ಮೇಲೇಳುತ್ತಿರುವ ಆ ಕೈ ಯಂತ್ರವನ್ನು ಮುಟ್ಟುವವರೆಗೆ ಒಂದು ನಿಮಿಷ ಕಾಯಬೇಕು. ಗೇಟು ತೆರೆಯುತ್ತದೆ.